ಕೆರೆಗೆ ಬರುವ ಕೊಳೆ ತಡೆಯಲು ಯಾವ ಕಾಮಗಾರಿ, ಎಲ್ಲಿ, ಎಷ್ಟು? ಗಣಿತದ ಆಪ್ಟಿಮೈಸೇಶನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರಾಜಕಾಲುವೆ, ಕೆರೆ, ಒಳಚರಂಡಿ ಯೋಜನೆಗಳ ಎಂಜಿನಿಯರುಗಳಿಗೂ, ಡಿಪಿಆರ್ (ವಿವರವಾದ ಯೋಜನಾ ವರದಿ) ಕೈಯಲ್ಲಿ ಹಿಡಿದು ಪ್ರಶ್ನೆ ಕೇಳುವ ಕೆರೆ ಸಮಿತಿಗಳಿಗೂ ಈ ಪುಟ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಲೆಕ್ಕ ತಿಳಿಯಲೆಂದು ಇಟ್ಟುಕೊಂಡ ಅಂಕಿಗಳು ಎಲ್ಲಿ ಬಂದರೂ ಅಲ್ಲೇ ಹಾಗೆಂದು ಹೇಳಿದ್ದೇವೆ. ಅವನ್ನು ನಿಮ್ಮ ಅಂದಾಜುಪಟ್ಟಿಗೆ ನಕಲು ಮಾಡಬೇಡಿ.

ಇಲ್ಲಿ ಆಪ್ಟಿಮೈಸೇಶನ್ ಎಂದರೆ ಏನು?

ಮೂರು ವಿಷಯಗಳನ್ನು ಸಮೀಕರಣದಲ್ಲಿ ಬರೆಯುವುದು. ಒಂದು, ನಿಮ್ಮ ಕೈಯಲ್ಲಿರುವ ಆಯ್ಕೆಗಳು: ಯಾವ ಜಾಗದಲ್ಲಿ ಯಾವ ಕಾಮಗಾರಿ, ಎಷ್ಟು ದೊಡ್ಡದು. ಎರಡು, ಗುರಿ: ಸಾಮಾನ್ಯವಾಗಿ ಕನಿಷ್ಠ ವೆಚ್ಚ. ಮೂರು, ಮೀರಬಾರದ ಷರತ್ತುಗಳು: ಕೆರೆಗೆ ಸೇರುವ ರಂಜಕ (ಪಾಚಿ ಬೆಳೆಸಿ ಕೆರೆಯನ್ನು ಹಸಿರಾಗಿಸುವ ಫಾಸ್ಫರಸ್) ವರ್ಷಕ್ಕೆ ಇಷ್ಟು ಕಿಲೋ ಇಳಿಯಬೇಕು, ಈ ಉದ್ಯಾನದಲ್ಲಿ ಇಷ್ಟೇ ಚದರ ಮೀಟರ್ ಸಿಗುತ್ತದೆ, ಈ ವರ್ಷದ ಬಜೆಟ್ ಇಷ್ಟು. ಷರತ್ತುಗಳನ್ನೆಲ್ಲ ಪಾಲಿಸಿ ಗುರಿಯನ್ನು ಅತಿ ಚೆನ್ನಾಗಿ ಮುಟ್ಟುವ ಆಯ್ಕೆಗಳ ಗುಂಪನ್ನು ಕಂಪ್ಯೂಟರ್ ಹುಡುಕುತ್ತದೆ.

ಕೈಲೆಕ್ಕ ಏಕೆ ಸಾಲದು? 100 ಉಪ-ಜಲಾನಯನಗಳಿದ್ದು (ಒಂದೇ ಮೋರಿಗೆ ನೀರು ಹರಿಸುವ ನೆಲದ ತುಂಡುಗಳು), ಒಂದೊಂದರಲ್ಲೂ ‘ಏನೂ ಬೇಡ’ ಎಂಬುದೂ ಸೇರಿ 6 ಆಯ್ಕೆಗಳಿದ್ದರೆ ಒಟ್ಟು ಯೋಜನೆಗಳ ಸಂಖ್ಯೆ 78 ಅಂಕಿಗಳಷ್ಟು ಉದ್ದವಾಗುತ್ತದೆ. ಸಭೆಯಲ್ಲಿ ಚರ್ಚೆಗೆ ಬರುವುದು ಅವುಗಳಲ್ಲಿ ಮೂರೋ ನಾಲ್ಕೋ.

ಮಳೆನೀರು ಹೊತ್ತು ತರುವ ಕೊಳೆಯನ್ನು ಅಂದಾಜು ಮಾಡುವುದು ಹೇಗೆ?

ಮೊದಲ ಅಂದಾಜಿಗೆ ಸರಳ ವಿಧಾನವೊಂದಿದೆ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) = 0.05 + 0.009 × ಗಟ್ಟಿ ನೆಲದ ಶೇಕಡಾ. ಶೇ. 70ರಷ್ಟು ಛಾವಣಿ, ಡಾಂಬರು, ಕಾಂಕ್ರೀಟು ಇರುವ ಬಡಾವಣೆಗೆ ಇದು 0.68. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ.; ಹರಿವನ್ನೇ ಹುಟ್ಟಿಸದ ಸಣ್ಣ ಹನಿಗಳಿಗೆ ಶೇ. 10 ಕಳೆದರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 5,900 ಘನ ಮೀಟರ್ ಹರಿವು. ಅದರಲ್ಲಿ ಲೀಟರಿಗೆ 0.3 ಮಿ.ಗ್ರಾಂ ರಂಜಕ ಇದೆಯೆಂದು ಇಟ್ಟುಕೊಂಡರೆ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 1.8 ಕಿಲೋ.

ಈಗ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. ಒಬ್ಬ ಮನುಷ್ಯನಿಂದ ಕೊಳಚೆಗೆ ಸೇರುವ ರಂಜಕ ದಿನಕ್ಕೆ ಸುಮಾರು 1 ಗ್ರಾಂ, ವರ್ಷಕ್ಕೆ 0.365 ಕಿಲೋ. ಅಂದರೆ ಒಂದು ಹೆಕ್ಟೇರು ಬಡಾವಣೆಯ ಇಡೀ ವರ್ಷದ ಮಳೆನೀರು ತರುವಷ್ಟನ್ನು ಒಳಚರಂಡಿ ತಪ್ಪಿಸಿ ಮೋರಿಗೆ ಬಿಟ್ಟ ಐದು ಜನರ ಕೊಳಚೆಯೇ ತರುತ್ತದೆ. ಅದೇ ಹೆಕ್ಟೇರಿನಲ್ಲಿ ಇನ್ನೂರು ಜನ ವಾಸವಿರುವುದು ನಮ್ಮಲ್ಲಿ ಸಾಮಾನ್ಯ.

ಹಾಗಾಗಿ ಗಣಿತದ ಮಾದರಿ ಕಟ್ಟುವ ಮೊದಲು ಮಳೆಯಿಲ್ಲದ ದಿನ ರಾಜಕಾಲುವೆಯ ಬಾಯಿಗೆ ಹೋಗಿ ಅಳೆಯಿರಿ. 24 ಗಂಟೆ, ಎರಡು ಗಂಟೆಗೊಮ್ಮೆ, ಹರಿವನ್ನು ಅಳೆಯುತ್ತಲೇ ಪರೀಕ್ಷೆಗೆ ನೀರನ್ನೂ ತೆಗೆದುಕೊಳ್ಳಿ. ಬೆಳಿಗ್ಗೆ ಒಂದೇ ಬಾಟಲಿ ತುಂಬಿಸಿ ಲ್ಯಾಬಿಗೆ ಕಳಿಸಿದರೆ ಬರುವುದು ಸ್ನಾನ–ಬಟ್ಟೆ ಹೊತ್ತಿನ ಅಂಕಿ. ಒಣ ದಿನದಲ್ಲಿ ಸೆಕೆಂಡಿಗೆ 50 ಲೀಟರ್, ಲೀಟರಿಗೆ 5 ಮಿ.ಗ್ರಾಂ ರಂಜಕ ಕಂಡರೆ ಅದು ದಿನಕ್ಕೆ 21.6 ಕಿಲೋ, ವರ್ಷಕ್ಕೆ ಸುಮಾರು 7.9 ಟನ್.

ಹಾಗಾದರೆ ಕೊಳಚೆ ತಡೆದರೆ ಸಾಕಲ್ಲ, ಗಣಿತವೇಕೆ?

ಎಷ್ಟೋ ಕಡೆ ಮೊದಲ ಹೆಜ್ಜೆಗೆ ಗಣಿತ ಬೇಡ, ನಿಜ. ಕೊಳಚೆ ಹರಿಯುವ ಕಾಲುವೆಯ ದಡದಲ್ಲಿ ಮಳೆತೋಟ (ಮಳೆನೀರನ್ನು ಸೋಸುವ ಗಿಡಗಳ ಪಾತಿ) ಮಾಡಿ ಕೆರೆ ಉಳಿಸುತ್ತೇವೆನ್ನುವ ಡಿಪಿಆರ್ ಅನ್ನು ಮೇಲಿನ ಗುಣಾಕಾರವೊಂದೇ ಉರುಳಿಸುತ್ತದೆ. ಪ್ರಶ್ನೆ ಕಷ್ಟವಾಗುವುದು ಆಮೇಲೆ: ಹತ್ತು ಕಾಲುವೆಗಳಲ್ಲಿ ಯಾವುದನ್ನು ಮೊದಲು ತಡೆಯಬೇಕು, ತಡೆದದ್ದನ್ನು ಹೊರುವ ಸಾಮರ್ಥ್ಯ ಕೊಳಚೆ ಶುದ್ಧೀಕರಣ ಘಟಕಕ್ಕೆ, ಅಂದರೆ ಎಸ್‌ಟಿಪಿಗೆ ಇದೆಯೇ, ಕೆರೆಯ ಒಳಹರಿವಿನಲ್ಲಿ ಜೌಗು (ಗಿಡಗಳ ಮೂಲಕ ನೀರನ್ನು ಸೋಸುವ ತೇವದ ನೆಲ) ಬೇಕೇ, ಉಳಿದ ರಸ್ತೆ ಕೊಳೆಗೆ ಏನು ಮಾಡಬೇಕು.

ಒಂದು ಸಣ್ಣ ಲೆಕ್ಕ ಮಾಡಿ ತೋರಿಸಿ.

ಅಂಕಿಗಳು ಕಲ್ಪಿತ. ಒಂದು ಕೆರೆಗೆ ವರ್ಷಕ್ಕೆ 700 ಕಿಲೋ ರಂಜಕ ಬರುತ್ತದೆ: 400 ಕಿಲೋ ಒಂದು ರಾಜಕಾಲುವೆಯಿಂದ, 300 ಕಿಲೋ ಬೇರೆ ಬೀದಿಗಳ ಮೋರಿಗಳಿಂದ. ವರ್ಷಕ್ಕೆ 400 ಕಿಲೋ ಇಳಿಸಬೇಕು. ವೆಚ್ಚವೆಲ್ಲ ವಾರ್ಷಿಕ.

ತಡೆ (ತ): ರಾಜಕಾಲುವೆಯ ಕೊಳಚೆಯನ್ನು ಒಳಚರಂಡಿಗೆ ತಿರುಗಿಸುವುದು. 60 ಲಕ್ಷ, 300 ಕಿಲೋ.
ಜೌಗು (ಜ): ಅದೇ ಕಾಲುವೆ ಕೆರೆ ಸೇರುವಲ್ಲಿ ನಿರ್ಮಿತ ಜೌಗು. 40 ಲಕ್ಷ, 160 ಕಿಲೋ.
ಗುಡಿಸುವಿಕೆ (ಗ): ಬೀದಿಗಳಿಗೆ ಹೀರುವ ಯಂತ್ರ. 18 ಲಕ್ಷ, 60 ಕಿಲೋ.
ಮಳೆತೋಟ (ಮ): ಒಂದಕ್ಕೆ 1 ಲಕ್ಷ, 2 ಕಿಲೋ. ಜಾಗ ಇರುವುದು 60ಕ್ಕೆ ಮಾತ್ರ.

ಕನಿಷ್ಠ ಮಾಡಬೇಕಾದದ್ದು: 60ತ + 40ಜ + 18ಗ + 1ಮ
ಷರತ್ತು: 300ತ + 160ಜ + 60ಗ + 2ಮ ≥ 400
ತ, ಜ, ಗ ಇವು 0 ಅಥವಾ 1. ಮ 0ರಿಂದ 60ರ ಒಳಗಿನ ಪೂರ್ಣಾಂಕ.

ಕಿಲೋಗೆ ಯಾವುದು ಅಗ್ಗ ಎಂಬ ಸಾಲಿನಲ್ಲಿ ನಿಲ್ಲಿಸಿದರೆ ತಡೆ 20,000 ರೂ., ಜೌಗು 25,000, ಗುಡಿಸುವಿಕೆ 30,000, ಮಳೆತೋಟ 50,000. ಸಾಲಿನ ಪ್ರಕಾರ ಎತ್ತಿಕೊಂಡರೆ ತಡೆ + ಜೌಗು: 460 ಕಿಲೋ, 1 ಕೋಟಿ. ಲೆಕ್ಕ ಕೊಡುವ ಉತ್ತರ ಬೇರೆ: ತಡೆ + ಗುಡಿಸುವಿಕೆ + 20 ಮಳೆತೋಟ, ಸರಿಯಾಗಿ 400 ಕಿಲೋ, 98 ಲಕ್ಷ. ಇಡಿಯಾಗಿಯೇ ಕಟ್ಟಬೇಕಾದ ಕಾಮಗಾರಿಗಳಿದ್ದಾಗ ‘ಕಿಲೋಗೆ ಅಗ್ಗ’ ಎಂಬ ಪಟ್ಟಿ ಹೀಗೆ ಕೈಕೊಡುತ್ತದೆ.

‘ಎರಡೇ ಲಕ್ಷ ಹೆಚ್ಚು ಕೊಟ್ಟರೆ 60 ಕಿಲೋ ಹೆಚ್ಚು ಇಳಿಯುತ್ತದಲ್ಲ, ಒಂದು ಕೋಟಿಯದ್ದೇ ವಾಸಿ’ ಎಂದು ನಿಮಗೆ ಅನಿಸಿದರೆ ಅದು ಒಳ್ಳೆಯ ಅನುಮಾನ. ಆದರೆ ಮುಂದಿನ ಪ್ರಶ್ನೆ ಓದಿ.

ಒಂದರ ಕೆಳಗೆ ಒಂದು ಇರುವ ಕಾಮಗಾರಿಗಳ ಲಾಭವನ್ನು ಕೂಡಿಸಬಹುದೇ?

ಕೂಡದು. ನಾವು ನೋಡಿದ ಡಿಪಿಆರ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ.

ಜೌಗಿನ 160 ಕಿಲೋ ಎಂದರೆ ಒಳಬರುವ 400 ಕಿಲೋದ ಶೇ. 40. ಮೇಲ್ಗಡೆ ತಡೆ ಬಂದು 300 ಕಿಲೋ ತಿರುಗಿಸಿದರೆ ಜೌಗಿಗೆ ಬರುವುದು 100 ಕಿಲೋ, ಅದು ಹಿಡಿಯುವುದು 40. ಹಾಗಾಗಿ ತಡೆ + ಜೌಗು ನಿಜಕ್ಕೂ 460 ಅಲ್ಲ, 340 ಕಿಲೋ. ಒಂದು ಕೋಟಿ ಖರ್ಚಾಗಿಯೂ ಗುರಿ ಮುಟ್ಟುವುದಿಲ್ಲ.

ಇದನ್ನು ಸೇರಿಸಲು ‘ಎರಡೂ ಇವೆ’ ಎಂಬ ಹೊಸ ಚರ (ಎ) ಬೇಕು. ಷರತ್ತಿನ ಎಡಗಡೆ 120ಎ ಕಳೆಯಿರಿ, ಜೊತೆಗೆ ಎ ≥ ತ + ಜ − 1 ಎಂದು ಬರೆಯಿರಿ. ಈ ಎರಡನೇ ಸಾಲು ಮರೆತರೆ ಕಂಪ್ಯೂಟರ್ ಎ ಅನ್ನು ಸೊನ್ನೆಯಲ್ಲೇ ಇಟ್ಟು ಹಳೆಯ 460 ಅನ್ನೇ ತೋರಿಸುತ್ತದೆ, ಯಾವ ದೋಷ ಸಂದೇಶವೂ ಬರುವುದಿಲ್ಲ. ಸರಿಪಡಿಸಿದ ಮೇಲೂ 98 ಲಕ್ಷದ ಯೋಜನೆಯೇ ಗೆಲ್ಲುತ್ತದೆ. ಆದರೆ ಅದರ ಪಕ್ಕದಲ್ಲಿ ಆಕರ್ಷಕವಾಗಿ ಕಂಡದ್ದು ಮಾಯವಾಗುತ್ತದೆ.

ಶೇಕಡಾವಾರು ಲೆಕ್ಕಕ್ಕೂ ಒಂದು ಮಿತಿಯಿದೆ. ಸ್ವಚ್ಛ ನೀರು ಬಂದಷ್ಟೂ ಜೌಗಿನ ಶೇಕಡಾ ಕುಸಿಯುತ್ತದೆ, ಏಕೆಂದರೆ ಹೊರಹೋಗುವ ನೀರಿನ ಸಾಂದ್ರತೆ ಒಂದು ತಳಮಟ್ಟಕ್ಕಿಂತ ಇಳಿಯದು. ಕಡಿಮೆ ಸಾಂದ್ರತೆಯ ಹರಿವಿಗೆ ‘ಶೇ. 40’ ಎಂದು ಹಾಕುವ ಬದಲು ‘ಹೊರಹರಿವು ಲೀಟರಿಗೆ ಇಷ್ಟು ಮಿ.ಗ್ರಾಂ’ ಎಂದು ಹಾಕುವುದು ಕ್ಷೇಮ.

‘ಮುಂದಿನ ಕಿಲೋ’ ಬೆಲೆ ಏನು, ಅದು ಏಕೆ ಮುಖ್ಯ?

ಗುರಿಯನ್ನು 400, 420, 440 ಎಂದು ಏರಿಸುತ್ತ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿ, ವೆಚ್ಚವನ್ನು ಗೆರೆಯಾಗಿ ಎಳೆಯಿರಿ. ಮೇಲಿನ ಉದಾಹರಣೆಯಲ್ಲಿ 400ರಿಂದ 480ರವರೆಗೆ ಪ್ರತಿ ಕಿಲೋಗೆ 50,000 ರೂ., ಮಳೆತೋಟಗಳು ಹೆಚ್ಚುತ್ತ ಹೋಗುತ್ತವೆ. 480 ಕಿಲೋಗೆ 1.38 ಕೋಟಿ. ಅಲ್ಲಿ ಜಾಗ ಮುಗಿಯಿತು. 482 ಬೇಕೆಂದರೆ ಜೌಗು ತರಲೇಬೇಕು: 1.59 ಕೋಟಿ. ಎರಡು ಕಿಲೋಗೆ 21 ಲಕ್ಷ! 520 ದಾಟಿದರೆ ಯಾವ ಉತ್ತರವೂ ಇಲ್ಲ.

ಆಡಳಿತದ ಮುಂದೆ ಇಡಬೇಕಾದದ್ದು ಈ ಗೆರೆ. 98 ಲಕ್ಷ ಎಂಬ ಒಂಟಿ ಅಂಕಿಯಿಂದ ಯಾರೂ ನಿರ್ಧಾರ ಮಾಡಲಾರರು. ‘480ರಲ್ಲಿ ನಿಲ್ಲಿಸಿ, ಇಲ್ಲವೇ ಇನ್ನಷ್ಟು ಜಾಗ ಹುಡುಕಿ’ ಎಂಬುದರಿಂದ ಮಾಡಬಹುದು.

ವೆಚ್ಚದಲ್ಲಿ ಏನೇನು ಸೇರಬೇಕು?

ಕಟ್ಟುವ ಖರ್ಚು, ನಿರ್ವಹಣೆ, ಜಾಗ. ಕಟ್ಟುವ ಖರ್ಚನ್ನು ವಾರ್ಷಿಕಕ್ಕೆ ತಿರುಗಿಸಿ: 20 ವರ್ಷ ಆಯಸ್ಸು, ಶೇ. 8 ಬಡ್ಡಿಗೆ ಗುಣಾಂಕ 0.102, ಅಂದರೆ 1 ಕೋಟಿಯ ಕಾಮಗಾರಿ ವರ್ಷಕ್ಕೆ ಸುಮಾರು 10.2 ಲಕ್ಷ. ಆಯಸ್ಸನ್ನು ಎಲ್ಲಕ್ಕೂ 20 ಎಂದು ಹಾಕಬೇಡಿ. ಗುಡಿಸುವ ಯಂತ್ರ ಅಷ್ಟು ಬಾಳುವುದಿಲ್ಲ.

ನಿರ್ವಹಣೆಯನ್ನು ಬಿಟ್ಟರೆ ಹೂಳು ಎತ್ತಬೇಕಾದ ಕಾಮಗಾರಿಗಳೆಲ್ಲ ಅಗ್ಗವಾಗಿ ಕಾಣುತ್ತವೆ, ಕಂಪ್ಯೂಟರ್ ಅವನ್ನೇ ಆರಿಸುತ್ತದೆ. ಸರ್ಕಾರಿ ಜಾಗಕ್ಕೆ ಸೊನ್ನೆ ಬೆಲೆ ಹಾಕಿದರೆ ಮಳೆನೀರು ಹಿಡಿದಿಡುವ ಪ್ರತಿ ಗುಂಡಿಯೂ ಶಾಲೆಯ ಮೈದಾನಕ್ಕೆ ಹೋಗಿ ಕೂರುತ್ತದೆ. ಬೆಲೆ ಹಾಕಲು ಮನಸ್ಸಿಲ್ಲದಿದ್ದರೆ ‘ಮೈದಾನದ ಶೇ. 10ಕ್ಕಿಂತ ಹೆಚ್ಚಿಲ್ಲ’ ಎಂದಾದರೂ ಷರತ್ತು ಹಾಕಿ.

ಮಳೆತೋಟದ ವಿಷಯದಲ್ಲಿ ಅಂಕಿ ಮತ್ತು ನೆಲ ಎಲ್ಲಿ ಬೇರೆಯಾಗುತ್ತವೆ?

ಮರಳು ಹೆಚ್ಚಿರುವ ಮಣ್ಣನ್ನು 60ರಿಂದ 90 ಸೆಂ.ಮೀ. ತುಂಬಿಸಿ, ಕೆಳಗೆ ಜಲ್ಲಿ ಮತ್ತು ತೂತಿನ ಪೈಪು ಇಟ್ಟು, ಮೇಲೆ ಗಿಡ ನೆಟ್ಟದ್ದು ಮಳೆತೋಟ. ವಿಸ್ತೀರ್ಣ ಸಾಮಾನ್ಯವಾಗಿ ಅದಕ್ಕೆ ನೀರು ಕೊಡುವ ಗಟ್ಟಿ ನೆಲದ ಶೇ. 5ರಿಂದ 8.

ಗಿಡ ಚೆನ್ನಾಗಿ ಬರಲೆಂದು ಗುತ್ತಿಗೆದಾರರು ಕಾಂಪೋಸ್ಟ್ ಧಾರಾಳವಾಗಿ ಬೆರೆಸುತ್ತಾರೆ. ಆ ಕಾಂಪೋಸ್ಟಿನ ರಂಜಕವೇ ಕರಗಿ ಕೆಳಗಿನ ಪೈಪಿನಿಂದ ಕೆರೆಗೆ ಹೋಗುತ್ತದೆ, ಒಳಬಂದದ್ದಕ್ಕಿಂತ ಹೊರಹೋದದ್ದೇ ಹೆಚ್ಚಾಗಬಹುದು. ಮಾದರಿಯಲ್ಲಿ ‘+2 ಕಿಲೋ’, ನೆಲದಲ್ಲಿ ಋಣ. ಮಣ್ಣಿನ ಮಿಶ್ರಣದ ರಂಜಕ ಪರೀಕ್ಷೆಯನ್ನು ಟೆಂಡರ್ ಷರತ್ತಿನಲ್ಲೇ ಬರೆಯಿರಿ.

ನಿಂತ ನೀರು ಎರಡು ದಿನದೊಳಗೆ ಇಂಗದಿದ್ದರೆ ಸೊಳ್ಳೆ. ಕೊಳಚೆ ಬೆರೆತ ಮೋರಿಗೆ ಇಂಗುಗುಂಡಿ ಜೋಡಿಸಿದರೆ ಪಕ್ಕದ ಬೋರ್‌ವೆಲ್ ಕೆಡುತ್ತದೆ. ಒಣ ದಿನವೂ ನೀರು ಹರಿಯುವ ಮೋರಿಗಳಲ್ಲಿ ಆ ಆಯ್ಕೆಯನ್ನು ಮಾದರಿಯಿಂದಲೇ ತೆಗೆದುಹಾಕಿ.

ಯಾವ ವಿಧಾನ, ಯಾವ ತಂತ್ರಾಂಶ?

ಸಂಬಂಧಗಳೆಲ್ಲ ಸರಳರೇಖೆಯವಾಗಿದ್ದರೆ, ಅಥವಾ ಮೇಲಿನಂತೆ ಹಾಗೆ ಬರೆಯಬಹುದಾದರೆ, ಪೂರ್ಣಾಂಕ ಮಿಶ್ರಿತ ಲೀನಿಯರ್ ಪ್ರೋಗ್ರಾಮಿಂಗ್ (ಮೇಲಿನ ಸಣ್ಣ ಲೆಕ್ಕ ಅಂಥದ್ದೇ) ಸಾಕು. ಪೈಥಾನ್‌ನಲ್ಲಿ ಪಲ್ಪ್ ಅಥವಾ ಪಯೋಮೋ ಸಮೀಕರಣ ಬರೆಯಲು, ಹಿಂದೆ ಅದನ್ನು ಬಿಡಿಸಲು ಹೈಗ್ಸ್ ಅಥವಾ ಸಿಬಿಸಿ, ಎಲ್ಲವೂ ಉಚಿತ. ಸಿಕ್ಕ ಉತ್ತರ ನಿಜವಾದ ಕನಿಷ್ಠಕ್ಕೆ ಎಷ್ಟು ಹತ್ತಿರ ಎಂಬ ಖಾತರಿಯೂ ಸಿಗುತ್ತದೆ. ನಮ್ಮ ಸಲಹೆ: ಮೊದಲು ಇದನ್ನೇ ಮಾಡಿ.

ಹರಿವಿನ ಏರಿಳಿತ, ತುಂಬಿ ಉಕ್ಕುವುದು, ಗೇಟುಗಳ ವರ್ತನೆ ಮುಖ್ಯವಾದಾಗ ಸ್ವಿಮ್ (SWMM) ಬೇಕು. ಇದು ಅಮೆರಿಕದ ಪರಿಸರ ಸಂಸ್ಥೆ ಇಪಿಎ 1971ರಿಂದ ಬೆಳೆಸಿಕೊಂಡು ಬಂದಿರುವ ಮಳೆನೀರು ಮಾದರಿ. ಅದರ ಸುತ್ತ ವಿಕಾಸಾತ್ಮಕ ಹುಡುಕಾಟ (ಯೋಜನೆಗಳ ಗುಂಪಿನಲ್ಲಿ ಒಳ್ಳೆಯವನ್ನು ಉಳಿಸಿ, ಬೆರೆಸಿ, ತಲೆಮಾರಿನಿಂದ ತಲೆಮಾರಿಗೆ ಸುಧಾರಿಸುವುದು) ಕಟ್ಟುವುದು ರೂಢಿ. ಹೆಚ್ಚು ಬಳಕೆಯದ್ದು ಎನ್‌ಎಸ್‌ಜಿಎ-2, ಆಗ ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್‌ಮೊಯ್ ದೇಬ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ವಿಧಾನ. ವೆಚ್ಚ ಮತ್ತು ಮಾಲಿನ್ಯ ಎರಡನ್ನೂ ಒಟ್ಟಿಗೆ ಇಳಿಸುವ ಇಡೀ ಗೆರೆಯನ್ನು ಇದು ಒಂದೇ ಓಟದಲ್ಲಿ ಕೊಡುತ್ತದೆ. ಕಾಮಗಾರಿಗಳನ್ನು ಆರಿಸಲು ಇಪಿಎ ಮಾಡಿದ ಸಸ್ಟೇನ್ ತಂತ್ರಾಂಶ ಕೂಡ ಇದನ್ನೇ ಒಳಗಿಟ್ಟುಕೊಂಡಿತ್ತು. ಅದು ಆರ್ಕ್‌ಜಿಐಎಸ್ ಎಂಬ ನಕ್ಷೆ ತಂತ್ರಾಂಶದ ಹಳೆಯ ಆವೃತ್ತಿಗೆ ಅಂಟಿಕೊಂಡದ್ದರಿಂದ ಹೊಸದಾಗಿ ಶುರುಮಾಡುವವರಿಗೆ ಹೇಳಲಾರೆವು.

ಸಮಯದ ಲೆಕ್ಕ ಮೊದಲೇ ಹಾಕಿ. ಒಂದು ಓಟಕ್ಕೆ 2 ನಿಮಿಷ, ತಲೆಮಾರಿಗೆ 100 ಯೋಜನೆ, 200 ತಲೆಮಾರು: 40,000 ನಿಮಿಷ, ಸುಮಾರು 28 ದಿನ. 16 ಕೋರುಗಳಿದ್ದರೆ ಎರಡು ದಿನದೊಳಗೆ. ಆರಂಭದ ಗುಂಪಿಗೆ ಲೀನಿಯರ್ ಮಾದರಿಯ ಉತ್ತರವನ್ನು ಬಿತ್ತಿದರೆ ಅರ್ಧ ದಾರಿ ಉಳಿಯುತ್ತದೆ.

ಮಳೆಯ ದತ್ತಾಂಶ ಎಂಥದ್ದು ಬೇಕು?

ಮಾಲಿನ್ಯಕ್ಕೆ ಒಂದು ದೊಡ್ಡ ಮಳೆಯಲ್ಲ, ಹಲವು ವರ್ಷಗಳ ನಿರಂತರ ದಾಖಲೆ. ವರ್ಷದ ಕೊಳೆಯ ದೊಡ್ಡ ಪಾಲನ್ನು ತರುವುದು ಮತ್ತೆ ಮತ್ತೆ ಬರುವ ಸಣ್ಣ–ಮಧ್ಯಮ ಮಳೆಗಳು. ನಮ್ಮಲ್ಲಿ ಬೇಸಿಗೆಯ ಧೂಳನ್ನೆಲ್ಲ ಬಾಚಿಕೊಂಡು ಬರುವ ಏಪ್ರಿಲ್–ಮೇ ಮಳೆಗಳು ವಿಶೇಷವಾಗಿ. ದಿನದ ಮೊತ್ತದಿಂದ ನಗರದ ಹರಿವು ಲೆಕ್ಕ ಹಾಕಿದರೆ ಒಂದೇ ಗಂಟೆಯಲ್ಲಿ ಸುರಿದದ್ದು 24 ಗಂಟೆಗೆ ಹರಡಿ, ಮಾದರಿಯ ಗುಂಡಿಗಳೆಲ್ಲ ಆರಾಮವಾಗಿ ಅದನ್ನು ನುಂಗಿಬಿಡುತ್ತವೆ. 15 ನಿಮಿಷದ ಅಂತರ ಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಆ ಅಂತರದಲ್ಲೇ ದಾಖಲಿಸುತ್ತವೆ.

ಪ್ರವಾಹ ಮತ್ತು ಮಾಲಿನ್ಯ ಎರಡನ್ನೂ ಒಂದೇ ಲೆಕ್ಕದಲ್ಲಿ ಇಡಬಹುದೇ?

ಇಡಬೇಕು, ಆದರೆ ಎರಡೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಪ್ರವಾಹ ತಡೆಯಲು ಕೆರೆ ಮಳೆಗೆ ಮುಂಚೆ ಖಾಲಿ ಇರಬೇಕು. ಕೊಳೆ ತಳಕ್ಕೆ ಕೂರಲು ನೀರು ನಿಂತಿರಬೇಕು. ಕೋಡಿಯಷ್ಟೇ ಇದ್ದು ತೂಬು ಮುಚ್ಚಿಹೋದ ಕೆರೆಯಲ್ಲಿ ಈ ಆಯ್ಕೆಯೇ ಇರುವುದಿಲ್ಲ. ತೂಬು ದುರಸ್ತಿ ಅಥವಾ ಗೇಟು ಅಳವಡಿಕೆಯನ್ನೂ ಒಂದು ಕಾಮಗಾರಿಯಾಗಿ ಮಾದರಿಗೆ ಸೇರಿಸಿ. ಎಷ್ಟೋ ಸಲ ಅದೇ ಅತಿ ಅಗ್ಗದ್ದಾಗಿ ಹೊರಬರುತ್ತದೆ.

ಬೆಂಗಳೂರಿನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಇಂಥ ಸರಣಿಯಲ್ಲಿ ಗುಂಡಿಯನ್ನು ಎಲ್ಲಿ ತೋಡುತ್ತೀರಿ ಎಂಬುದು ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. ಕೆಳಭಾಗದ ಬಡಾವಣೆಯ ನೀರು ಮೇಲಿನ ನೀರು ಬರುವ ಮೊದಲೇ ಹೋಗಿಬಿಡುತ್ತದೆ. ಅದನ್ನು ಒಂದು ಗಂಟೆ ಹಿಡಿದಿಟ್ಟರೆ ಎರಡೂ ಒಟ್ಟಿಗೆ ಸೇರಿ ಕೆಳಗಿನ ಸೇತುವೆ ಉಕ್ಕಬಹುದು. ಆದ್ದರಿಂದ ಪ್ರವಾಹದ ಷರತ್ತನ್ನು ಪ್ರತಿ ಗುಂಡಿಗೆ ಹಾಕದೆ ಕೆಳಗಿನ ತಪಾಸಣಾ ಬಿಂದುಗಳಿಗೆ ಹಾಕಿ.

ಕೊಳಚೆ ನಿಲ್ಲಿಸಿದರೂ ಕೆರೆ ಹಸಿರಾಗಿಯೇ ಇದೆ. ಲೆಕ್ಕ ತಪ್ಪಿತೇ?

ತಪ್ಪಿರಬೇಕೆಂದಿಲ್ಲ. ದಶಕಗಳಿಂದ ಕೂತ ಹೂಳು ರಂಜಕದ ಉಗ್ರಾಣ. ತಳದಲ್ಲಿ ಆಮ್ಲಜನಕ ಮುಗಿದಾಗ ಅದು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಈ ಒಳಗಿನ ಹೊರೆ ಮಾದರಿಯಲ್ಲಿ ಇಲ್ಲದಿದ್ದರೆ ಹೂಳೆತ್ತುವಿಕೆ ಎಂದೂ ಆಯ್ಕೆಯಾಗದು. ಇದ್ದು, ಹೊರಗಿನ ಕೊಳಚೆ ನಿಲ್ಲುವ ಮೊದಲೇ ಹೂಳೆತ್ತಲು ಅವಕಾಶ ಕೊಟ್ಟರೆ ಹಣ ಮತ್ತೆ ಹೂಳಿಗೇ ಹೋಗುತ್ತದೆ. ‘ತಡೆ ಮುಗಿದ ವರ್ಷಕ್ಕಿಂತ ಮೊದಲು ಹೂಳೆತ್ತುವಂತಿಲ್ಲ’ ಎಂದು ಕ್ರಮದ ಷರತ್ತು ಬರೆಯಿರಿ.

ಕಂಪ್ಯೂಟರ್ ವಿಚಿತ್ರ ಉತ್ತರ ಕೊಟ್ಟರೆ?

ಮೊದಲು ನಿಮ್ಮ ಮಾದರಿಯನ್ನು ಅನುಮಾನಿಸಿ. ಹುಡುಕಾಟದ ವಿಧಾನಗಳು ಅಂಕಿಗಳಲ್ಲಿರುವ ಬಿರುಕನ್ನೇ ಹುಡುಕಿ ಅದರೊಳಗೆ ನುಗ್ಗುತ್ತವೆ. ಎಲ್ಲ ಕಾಮಗಾರಿಯೂ ಒಂದೇ ಉಪ-ಜಲಾನಯನಕ್ಕೆ ಹೋದರೆ ಅಲ್ಲಿನ ವಿಸ್ತೀರ್ಣ ಹೆಕ್ಟೇರಿನ ಬದಲು ಎಕರೆಯಲ್ಲಿ ಇರಬಹುದು. ಗುಂಡಿಗಳೆಲ್ಲ ಗರಿಷ್ಠ ಗಾತ್ರಕ್ಕೆ ಹೋಗಿದ್ದರೆ ದೊಡ್ಡ ಗಾತ್ರಕ್ಕೆ ನಿರ್ವಹಣೆಯ ವೆಚ್ಚ ಏರುತ್ತಿಲ್ಲ. ನೀರು ಮಾದರಿಯ ಗಡಿಯಾಚೆಗೆ ಹರಿದು ‘ಮಾಯ’ವಾಗುತ್ತಿದ್ದರೆ ನಿಮ್ಮ ಕೊಳೆಯನ್ನು ಪಕ್ಕದ ಕೆರೆಗೆ ಸಾಗಿಸಿ ಉಳಿತಾಯ ತೋರಿಸುತ್ತಿದೆ. ಪ್ರತಿ ಓಟದ ಕೊನೆಗೆ ಬಂದ ನೀರು = ಹೋದ ನೀರು + ಉಳಿದ ನೀರು ಎಂದು ಕೂಡಿಸಿ ನೋಡಿ.

ಅಂಕಿಗಳೇ ಅನಿಶ್ಚಿತವಾಗಿರುವಾಗ ಇಷ್ಟು ನಿಖರ ಲೆಕ್ಕಕ್ಕೆ ಅರ್ಥವಿದೆಯೇ?

98 ಮತ್ತು 101 ಲಕ್ಷದ ನಡುವಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಯಾವ ಕಾಮಗಾರಿ ಎಲ್ಲ ಸನ್ನಿವೇಶದಲ್ಲೂ ಆಯ್ಕೆಯಾಗುತ್ತದೆ ಎಂಬುದಕ್ಕೆ ಇದೆ. ದಕ್ಷತೆ ಶೇ. 30 ಕುಸಿದರೆ, ಮಳೆ ಹೆಚ್ಚಾದರೆ, ತಡೆಯ ವೆಚ್ಚ ಒಂದೂವರೆ ಪಟ್ಟಾದರೆ ಎಂದು ಬೇರೆ ಬೇರೆ ಓಡಿಸಿ. ನಮ್ಮ ಉದಾಹರಣೆಯಲ್ಲಿ ತಡೆ 90 ಲಕ್ಷವಾದರೂ ಅದನ್ನು ಬಿಡುವಂತಿಲ್ಲ: ಜೌಗು, ಗುಡಿಸುವಿಕೆ, 60 ಮಳೆತೋಟ ಎಲ್ಲ ಸೇರಿದರೂ 340 ಕಿಲೋ ಮಾತ್ರ. ಅಂಥದ್ದನ್ನು ಈ ವರ್ಷವೇ ಶುರುಮಾಡಬಹುದು. ಒಂದು ಸನ್ನಿವೇಶದಲ್ಲಿ ಬಂದು ಇನ್ನೊಂದರಲ್ಲಿ ಹೋಗುವ ಮಳೆತೋಟಗಳನ್ನು ಕೆಲವು ಕಡೆ ಕಟ್ಟಿ, ಅಳೆದು, ಆಮೇಲೆ ಹೆಚ್ಚಿಸಿ.

ದೊಡ್ಡ ಮಟ್ಟದಲ್ಲಿ ಇದು ಎಲ್ಲಾದರೂ ನಡೆದಿದೆಯೇ?

ಅಮೆರಿಕದ ಚೆಸಪೀಕ್ ಕೊಲ್ಲಿ. ಜಲಾನಯನ ಸುಮಾರು 1.66 ಲಕ್ಷ ಚದರ ಕಿ.ಮೀ., ಕರ್ನಾಟಕಕ್ಕಿಂತ ತುಸು ಚಿಕ್ಕದು, ಆರು ರಾಜ್ಯಗಳಲ್ಲಿ ಮತ್ತು ರಾಜಧಾನಿ ವಾಷಿಂಗ್ಟನ್‌ನಲ್ಲಿ ಹರಡಿದೆ. 2010ರ ಡಿಸೆಂಬರಿನಲ್ಲಿ ಇಪಿಎ ಹೊರೆಯ ಮಿತಿ ನಿಗದಿ ಮಾಡಿತು: ವರ್ಷಕ್ಕೆ ಸಾರಜನಕ ಸುಮಾರು 84,000 ಟನ್, ರಂಜಕ ಸುಮಾರು 5,700 ಟನ್, ಹೂಳು ಸುಮಾರು 29 ಲಕ್ಷ ಟನ್. ಕಾಮಗಾರಿಗಳಿಗೆ ಆಗ ಇಟ್ಟ ಗಡುವು 2025. ಯಾವ ಕೌಂಟಿಯಲ್ಲಿ (ಅಲ್ಲಿನ ಜಿಲ್ಲೆ) ಯಾವ ಕ್ರಮ ಎಷ್ಟು ಇಳಿಸುತ್ತದೆಂದು ಕ್ಯಾಸ್ಟ್ ಎಂಬ ಸಾರ್ವಜನಿಕ ಸಾಧನದಲ್ಲಿ ಯಾರು ಬೇಕಾದರೂ ಹಾಕಿ ನೋಡಬಹುದು.

ಅಲ್ಲಿಯೂ ದೊಡ್ಡ ಇಳಿಕೆ ಬಂದದ್ದು ಕೊಳಚೆ ಶುದ್ಧೀಕರಣ ಘಟಕಗಳ ಮೇಲ್ದರ್ಜೆಯಿಂದ. ಹೊಲಗಳಲ್ಲಿ ಮಾಡುವ ಕ್ರಮಗಳು ಕಿಲೋಗೆ ಅಗ್ಗ, ಆದರೆ ಸಾವಿರಾರು ರೈತರು ಒಪ್ಪಬೇಕು. ಕಟ್ಟಿ ಮುಗಿದ ನಗರದಲ್ಲಿ ಮಳೆನೀರು ವ್ಯವಸ್ಥೆ ಹೊಸದಾಗಿ ಸೇರಿಸುವುದು ಅತಿ ದುಬಾರಿ. ಹೊಸ ಬಡಾವಣೆಯ ನಕ್ಷೆ ಮಂಜೂರು ಮಾಡುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಮಿತಿಯನ್ನು ಲೀಟರಿಗೆ ಮಿ.ಗ್ರಾಂ ಎಂದು ಬರೆಯಬೇಕೇ, ವರ್ಷಕ್ಕೆ ಕಿಲೋ ಎಂದೇ?

ಕೆರೆಗೆ ಕಿಲೋ. ಮಿ.ಗ್ರಾಂ ಮಿತಿ ಮಾತ್ರ ಇದ್ದರೆ ನೀರು ಬೆರೆಸಿ ತೆಳು ಮಾಡುವುದೂ ‘ಪರಿಹಾರ’ವಾಗುತ್ತದೆ, ಕಂಪ್ಯೂಟರ್ ಅದನ್ನು ಸಂತೋಷದಿಂದ ಆರಿಸುತ್ತದೆ.

ಡಿಪಿಆರ್‌ನಲ್ಲಿ ಏನೇನು ಕೇಳಬೇಕು?

ವೆಚ್ಚ–ಇಳಿಕೆಯ ಗೆರೆ, ಪ್ರತಿ ಕಾಮಗಾರಿಯ ದಕ್ಷತೆ ಎಲ್ಲಿ ಅಳೆದದ್ದು ಎಂಬ ವಿವರ, ಒಂದರ ಕೆಳಗೊಂದು ಬರುವ ಜೋಡಿಗಳ ಪಟ್ಟಿ ಮತ್ತು ಅವುಗಳ ಲಾಭ ಹೇಗೆ ಕಳೆದಿದ್ದಾರೆ, ನಿರ್ವಹಣೆಯ ಹಣ ಯಾವ ಲೆಕ್ಕಶೀರ್ಷಿಕೆಯಿಂದ, ಮತ್ತು ಮಾದರಿಯ ಕಡತ, ಪಿಡಿಎಫ್ ಅಲ್ಲ, ಓಡಿಸಬಹುದಾದ ಮೂಲ ಕಡತ. ಕೊನೆಯದನ್ನು ಗುತ್ತಿಗೆ ಒಪ್ಪಂದದಲ್ಲೇ ಬರೆಸದಿದ್ದರೆ ಎರಡು ವರ್ಷದ ನಂತರ ದರಪಟ್ಟಿ ಬದಲಾದಾಗ ಇಡೀ ಲೆಕ್ಕವನ್ನು ಇನ್ನೊಮ್ಮೆ ದುಡ್ಡು ಕೊಟ್ಟು ಮಾಡಿಸಬೇಕಾಗುತ್ತದೆ.